ಐದು ಮಕ್ಕಳು ಮತ್ತು ಅತ್ತೆ

ಮಾರ್ಚ್ 4, ಸೋಮವಾರ. ಮಧ್ಯಾಹ್ನ

ನಾಲ್ವರು ಮಲಗಿದರು. ಯಾಕಣ್ಣ ಮಾತ್ರ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಿದ್ದಾನೆ. ಫ್ಯಾನ್ ಯಾಕೆ ತಿರುಗುತ್ತೆ? ತಿರುಗಿದರೆ ಅದಕ್ಕೆ ತಲೆ ಸುತ್ತಲ್ವಾ? ಸುತ್ತಿದರೆ ಯಾಕೆ ಬೀಳಲ್ಲ? ಮೂರು ವರ್ಷದ ಬಾಯಲ್ಲಿ ಇಷ್ಟೊಂದು ‘ಯಾಕೆ’ ಎಲ್ಲಿಂದ ಬಂತೋ. ಅವನಮ್ಮ ಬ್ಯಾಂಕಿನಾಕೆ ಚೆಂದದ ಹೆಸರೇ ಇಟ್ಟಿದ್ದಾಳೆ. ಆದರೆ ನಮ್ಮ ಮನೆಯಲ್ಲಿ ಅವನು ಯಾಕಣ್ಣ.

ಅತ್ತೆ ಇವತ್ತೂ ತಲೆ ಬಾಚಿ, ಇಸ್ತ್ರಿ ಬಟ್ಟೆ ಹಾಕಿ, ಕೈಗೆ ವಾಚು ಕಟ್ಟಿಕೊಂಡು ಕೆಲಸಕ್ಕೆ ಹೊರಟರು. ಕೆಲಸ ಅಂದರೆ ಪಕ್ಕದ ರೂಮು. “ನಡಿಯೇ, ಮಕ್ಕಳು ಬರೋ ಹೊತ್ತಾಯ್ತು, ನೀನಿನ್ನೂ ಪಾತ್ರೆ ಹಿಡ್ಕೊಂಡು ಕೂತಿದೀಯ” ಎಂದು ನನಗೇ ಗದರಿಕೆ. ಆಯ್ತು ಅತ್ತೆ, ಬಂದೆ ಅತ್ತೆ. ಈ ಮಕ್ಕಳ ವ್ಯವಹಾರ ನಾವಿಬ್ಬರೂ ಸೇರಿ ನಡೆಸುತ್ತಿದ್ದೇವೆ ಅಂತಲೇ ಅವರ ನಂಬಿಕೆ. ಮೊದಮೊದಲು ನಿಜವೂ ಆಗಿತ್ತು. ಈಗ ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಒಲೆ ಹಚ್ಚಲು ಬಿಡುವುದಿಲ್ಲ ನಾನು. ಆದರೆ ಮರಿಯನ್ನು ಮಲಗಿಸುವುದು ಮಾತ್ರ ಅವರಿಗೇ ಸರಿ. ನರ್ಸಮ್ಮನ ಮಗು ಅದು, ಎಂಟು ತಿಂಗಳು. ನಾನು ಎಷ್ಟು ತಟ್ಟಿದರೂ ಕುಂಯ್ ಕುಂಯ್ ಅನ್ನುತ್ತೆ. ಅತ್ತೆ ಎದೆಗೆ ಹಾಕಿಕೊಂಡರೆ ಮುಗೀತು.

ಗುಂಡ ನಿದ್ದೆಯಲ್ಲೇ ಪುಟ್ಟಿಯನ್ನು ಒದ್ದ. ಬೇಕರಿಯವರ ಅವಳಿ ಮಕ್ಕಳು, ಹೊಟ್ಟೆಯಲ್ಲೂ ಹೀಗೇ ಒದ್ದಾಡಿರಬೇಕು. ಮಾಳಿಗೆ ಮೇಲೆ ಮನೆ ಮಾಡಿಕೊಂಡಿರುವ ಕ್ಷೌರದಂಗಡಿಯವರ ಮಗಳು ಚಿಟ್ಟೆ ಬಾಗಿಲ ಹತ್ತಿರವೇ ಮಲಗುತ್ತಾಳೆ. ನಾಲ್ಕು ತುಂಬಿದವಳು, ದೊಡ್ಡವಳಂತೆ, ಕಾವಲು ಕಾಯುತ್ತಾಳಂತೆ. ಮೊದಲು ನಿದ್ದೆ ಹೋಗುವವಳೂ ಅವಳೇ.

ಮಾರ್ಚ್ 6, ಬುಧವಾರ

ಮದುವೆಯಾದ ದಿನ. ಇವರಿಗೆ ಯಾವ ವರ್ಷವೂ ನೆನಪಿದ್ದದ್ದಿಲ್ಲ. ಇವತ್ತು ಬಸ್ಸು ಓಡಿಸುವ ಡ್ಯೂಟಿ ಮುಗಿಸಿ ಬಂದವರು ಪೇಪರಿನಲ್ಲಿ ಸುತ್ತಿದ ಏನನ್ನೋ ಬೆನ್ನ ಹಿಂದೆ ಹಿಡಿದು ಬಾಗಿಲಲ್ಲಿ ನಿಂತರು. ಮುಖದಲ್ಲಿ ಕಳ್ಳನಗು.

ಬೋರ್ಡು! ಡಿಪೋದಲ್ಲಿ ಬಸ್ಸಿನ ಬೋರ್ಡು ಬರೆಯುವವನ ಕೈಯಲ್ಲೇ ಬರೆಸಿದ್ದಾರೆ. ಹಳದಿ ಮೇಲೆ ಕಪ್ಪು. ದೊಡ್ಡದಾಗಿ ‘ಮಕ್ಕಳ ಮನೆ’. ಕೆಳಗೆ ಚಿಕ್ಕದಾಗಿ — ‘ಮಾರ್ಗ: ಅಡುಗೆಮನೆ, ನಡುಮನೆ, ಹಿತ್ತಲು’. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. “ಹಿತ್ತಲಲ್ಲಿ ಸ್ಟಾಪ್ ಇದೆಯಾ?” ಅಂದೆ. “ಕೈ ಅಡ್ಡ ಹಾಕಿದ್ರೆ ನಿಲ್ಲಿಸ್ತೀವಿ” ಅಂದರು.

ಗೇಟಿಗೆ ಹೊಡೆದೇಬಿಟ್ಟರು. ಬೀದಿಯ ಆ ಕೊನೆಯಿಂದಲೂ ಕಾಣುತ್ತೆ. ನಾಚಿಕೆ ಆಯಿತು. ಖುಷಿಯೂ ಆಯಿತು. ಅತ್ತೆ ಮುಂದೆ ನಿಂತು ಅಕ್ಷರ ಕೂಡಿಸಿ ಓದಿ, “ನಮ್ಮ ಮನೇನೇ ಇದು” ಅಂದರು.

ಮಾರ್ಚ್ 11, ಸೋಮವಾರ

ಆ ಬೋರ್ಡಿನ ಮನೆ ಹಾಳಾಗ.

ಹನ್ನೊಂದರ ಹೊತ್ತಿಗೆ ಒಬ್ಬರು ಮೇಡಂ ಬಂದರು. ಹೆಗಲಿಗೆ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು. ಮಕ್ಕಳ ಇಲಾಖೆ. “ಬೋರ್ಡು ನೋಡಿ ಬಂದೆ” ಅಂದರು. ಯಾರೋ ಹೊಸ ತಾಯಿ ಅಂದುಕೊಂಡು ನಾನು ಹಲ್ಲು ಕಿರಿದುಕೊಂಡು ಕುರ್ಚಿ ಹಾಕಿದೆ, ನೀರು ಕೊಟ್ಟೆ.

“ಎಷ್ಟು ಮಕ್ಕಳು?”

“ಐದು.”

“ಎಷ್ಟು ಮನೆಯವು?”

“ನಾಲ್ಕು.”

“ನಿಮ್ಮ ಸಂಬಂಧಿಕರ ಮಕ್ಕಳಾ?”

“ಅಲ್ಲ ಮೇಡಂ, ಆದ್ರೆ…” ಆದರೆ ಏನು? ನನಗೇ ಗೊತ್ತಾಗಲಿಲ್ಲ.

“ಲೈಸೆನ್ಸ್?”

ಬಸ್ಸು ಓಡಿಸಲು ಲೈಸೆನ್ಸ್ ಬೇಕು ಅಂತ ಕೇಳಿದ್ದೇನೆ. ಮಕ್ಕಳಿಗೆ ಅನ್ನ ಕಲಸಿ ಕೊಡಲು ಲೈಸೆನ್ಸಾ? ಪಾಪ, ಆಕೆ ಸಿಟ್ಟು ಮಾಡಲಿಲ್ಲ. ಬಿಡಿಸಿ ಹೇಳಿದರು. ಸ್ವಂತ ಮೊಮ್ಮಕ್ಕಳು, ಅಕ್ಕ ತಮ್ಮಂದಿರ ಮಕ್ಕಳು ಲೆಕ್ಕಕ್ಕಿಲ್ಲ. ಹೊರಗಿನವರ ಮಕ್ಕಳಾದರೆ ಎರಡು ಮನೆಯವರೆಗೆ ಕೇಳುವವರಿಲ್ಲ. “ಮೂರನೇ ಮನೆ ಮಗು ಹೊಸಿಲು ದಾಟ್ತು ಅಂದ್ರೆ ಲೈಸೆನ್ಸ್ ಬೇಕೇ ಬೇಕು” ಅಂದರು. ಮೂರನೇ ಮನೆಯ ಮಗು ಅಂದರೆ ಯಾಕಣ್ಣ. ಅವನು ಹೊಸಿಲು ದಾಟಿದ ದಿನ ನನ್ನ ಸೆರಗು ತುಂಬ ವಾಂತಿ ಮಾಡಿದ್ದು ನೆನಪಿದೆ. ಕಾನೂನು ಮುರಿದದ್ದು ಗೊತ್ತೇ ಆಗಿಲ್ಲ.

ಅಷ್ಟರಲ್ಲಿ ಅವನೇ ಬಂದು ನಿಂತ. “ನೀವು ಯಾಕೆ ಬಂದ್ರಿ?”

“ನೀವೆಲ್ಲ ಚೆನ್ನಾಗಿದೀರಾ ಅಂತ ನೋಡೋಕೆ.”

“ಯಾಕೆ?”

ಮೇಡಂ ನಕ್ಕುಬಿಟ್ಟರು. ನನಗೂ ಸ್ವಲ್ಪ ಉಸಿರು ಬಂತು. ಅರ್ಜಿ ಹಾಕಿ, ಮನೆ ನೋಡಲು ಬರುತ್ತೇನೆ, ಅಲ್ಲಿಯವರೆಗೆ ಹೊಸ ಮಗು ಸೇರಿಸಬೇಡಿ ಅಂದರು. ಒಬ್ಬಳೇ ನೋಡಿಕೊಳ್ಳುವುದಾದರೆ ಐದು ಮಕ್ಕಳು, ಒಂದೂ ಜಾಸ್ತಿ ಇಲ್ಲ. ಸದ್ಯ, ನಮ್ಮಲ್ಲಿ ಇರುವುದೇ ಐದು.

ಆಗ ಅತ್ತೆ ಒಳಗಿಂದ ಬಂದರು. ಮೇಡಂ ಕೈ ಹಿಡಿದುಕೊಂಡರು. “ಮಗು ಎಲ್ಲಮ್ಮ? ಮೊದಲ್ನೇ ದಿನ ಅಳ್ತವೆ, ನೀನು ಹಿಂದೆ ತಿರುಗಿ ನೋಡ್ದೆ ಹೊರಟುಬಿಡು.” ನಾನು ಮಗು ಬಿಡೋಕೆ ಬಂದಿಲ್ಲ ಅಂದರು ಮೇಡಂ. ಅತ್ತೆ ತಲೆ ಆಡಿಸಿದರು. ಮತ್ತೆ ಅದನ್ನೇ ಕೇಳಿದರು. “ಮಗು ಎಲ್ಲಮ್ಮ?”

ಮೇಡಂ ನನ್ನ ಮುಖ ನೋಡಿದರು. “ಇವರು ನಿಮಗೆ ಸಹಾಯ ಮಾಡ್ತಾರಾ? ಅಥವಾ ಇವರನ್ನೂ ನೀವೇ ನೋಡ್ಕೋಬೇಕಾ? ಹಾಗಿದ್ರೆ ಇವರೂ ನಿಮ್ಮ ಐದರಲ್ಲಿ ಒಬ್ಬರಾಗ್ತಾರೆ.”

ಬಾಯಿ ತೆರೆದೆ. ಇವರಿಗೆ ಇವತ್ತು ವಾರದ ರಜ, ಬಾಗಿಲಲ್ಲೇ ನಿಂತಿದ್ದರು. “ಅಮ್ಮ ಸಹಾಯಕ್ಕೇ ಇರೋದು ಮೇಡಂ” ಅಂದರು. “ನನ್ನನ್ನೇ ಸಾಕಿದಾಳೆ, ಈ ಮಕ್ಕಳು ಯಾವ ಲೆಕ್ಕ!”

ನಾನು ಬಾಯಿ ಮುಚ್ಚಿದೆ.

ಮಾರ್ಚ್ 12, ಮಂಗಳವಾರ

ಜಗಳ. ದೊಡ್ಡದೇ.

“ಯಾಕ್ರೀ ಹಾಗೆ ಹೇಳಿದ್ರಿ?”

“ಇನ್ನೇನು ಹೇಳ್ಲಿ? ವಯಸ್ಸಾಗಿದೆ, ಅಷ್ಟೆ. ನಾನೂ ಮರೀತೀನಿ.”

“ನೀವು ಕೊಡೆ ಮರೀತೀರಿ. ಅವರು ಊಟ ಮಾಡಿ ಕೈ ತೊಳ್ಕೊಂಡು ಬಂದು, ನನಗ್ಯಾಕೆ ಇನ್ನೂ ಬಡಿಸಿಲ್ಲ ಅಂತಾರೆ.”

“ನಿಂಗೆ ನಮ್ಮಮ್ಮ ಭಾರ ಆದ್ರೆ ಹಾಗಂತ ಹೇಳು.”

ಹಾಗಂದು ತಟ್ಟೆ ಬಿಟ್ಟು ಎದ್ದುಹೋದರು. ಎದ್ದುಹೋಗುವುದು ಅವರಿಗೆ ಸುಲಭ, ತಟ್ಟೆ ಎತ್ತುವವಳು ನಾನಿದ್ದೇನಲ್ಲ.

ಆದರೆ ಅತ್ತೆಯನ್ನು ಲೆಕ್ಕಕ್ಕೆ ಹಿಡಿದರೆ ಒಟ್ಟು ಆರು. ಒಂದು ಮಗುವನ್ನು ಬಿಡಬೇಕು. ಯಾರನ್ನು? ಕೊನೆಗೆ ಬಂದವರನ್ನೇ ತಾನೆ. ಮರಿಯನ್ನು. ನರ್ಸಮ್ಮನಿಗೆ ಹಿಂದೆ ಮುಂದೆ ಯಾರೂ ಇಲ್ಲ. ಆಸ್ಪತ್ರೆ ಡ್ಯೂಟಿಗೆ ಹೋಗುವಾಗ ಮಗುವನ್ನು ಎಲ್ಲಿ ಇಡುತ್ತಾಳೆ, ಬ್ಯಾಗಿನಲ್ಲಾ? ಮೊದಲನೇ ದಿನ ಮರಿಯನ್ನು ನನ್ನ ಕೈಗೆ ಕೊಟ್ಟು ಗೇಟಿನ ಆಚೆ ನಿಂತು ಅತ್ತಿದ್ದಳು. ಇಂಜೆಕ್ಷನ್ ಚುಚ್ಚುವವಳು ಅಷ್ಟು ಅಳುತ್ತಾಳೆ ಅಂತ ಗೊತ್ತಿರಲಿಲ್ಲ ನನಗೆ.

ಇವರ ಸುಳ್ಳಿಗೆ ನಾನು ಸುಮ್ಮನಿದ್ದದ್ದು ಇವರಿಗೋಸ್ಕರ ಅಲ್ಲ. ಮರಿಗೋಸ್ಕರ. ಹಾಗಂತ ಬರೆದುಕೊಳ್ಳುತ್ತಿದ್ದೇನೆ. ಸಮಾಧಾನ ಏನೂ ಆಗುತ್ತಿಲ್ಲ.

ಮಾರ್ಚ್ 16, ಶನಿವಾರ

ಮನೆ ಗುರುತು ಸಿಗದ ಹಾಗಾಗಿದೆ. ಪ್ಲಗ್ಗುಗಳಿಗೆಲ್ಲ ಮುಚ್ಚಳ. ಔಷಧಿ ಡಬ್ಬ ಅಟ್ಟದ ಮೇಲೆ. ಬಚ್ಚಲುಮನೆಗೆ ಜಾರದ ಚಾಪೆ. ಕ್ಷೌರದಂಗಡಿಯವರು ಮೆಟ್ಟಿಲಿಗೆ ಮರದ ಅಡ್ಡಗೇಟು ಮಾಡಿಕೊಟ್ಟರು. ಈಗ ಅದನ್ನು ತೆರೆಯಲು ದೊಡ್ಡವರಿಗೇ ಬರುತ್ತಿಲ್ಲ. ಚಿಟ್ಟೆ ಬಂದು ತೆರೆದು ಕೊಡುತ್ತಾಳೆ. ಮಕ್ಕಳಿಗೋಸ್ಕರ ಮಾಡಿದ್ದಂತೆ!

ಅತ್ತೆಗೆ ಯಾರೋ ಸಾಹೇಬರು ಬರುತ್ತಾರೆ ಅನ್ನುವುದು ಮಾತ್ರ ತಲೆಯಲ್ಲಿ ನಿಂತಿದೆ. ಮಕ್ಕಳನ್ನು ಸಾಲಾಗಿ ಕೂರಿಸಿ, “ಹೆಸರು ಕೇಳಿದ್ರೆ ಗಟ್ಟಿಯಾಗಿ ಹೇಳ್ಬೇಕು” ಎಂದು ತಯಾರಿ ಮಾಡಿಸುತ್ತಿದ್ದಾರೆ. ಗುಂಡ ಎದ್ದು ನಿಂತು “ಗುಂಡ!” ಎಂದು ಕಿರುಚಿದ. ಪುಟ್ಟಿಯೂ ಎದ್ದು “ಗುಂಡ!” ಅಂದಳು. ಅತ್ತೆ ಇಬ್ಬರಿಗೂ ಶಭಾಷ್ ಹೇಳಿದರು.

ನಗು ತಡೆಯಲು ಆಗಲಿಲ್ಲ. ನನ್ನ ಅತ್ತೆ ಎಷ್ಟು ಚೆಂದ ಅನಿಸಿತು. ಇವರ ಹತ್ತಿರ ಮಾತು ಬಿಟ್ಟು ನಾಲ್ಕು ದಿನ.

ಮಾರ್ಚ್ 19, ಮಂಗಳವಾರ

ಮರಿ ಚೆನ್ನಾಗಿದೆ. ಅತ್ತೆ ಚೆನ್ನಾಗಿದ್ದಾರೆ. ಇವತ್ತಿಗೆ ಇಷ್ಟೇ.

ಮಾರ್ಚ್ 20, ಬುಧವಾರ. ಮಧ್ಯಾಹ್ನ

ಬರೆದು ಮುಗಿಸಿಬಿಡುತ್ತೇನೆ.

ನಿನ್ನೆ ಗುಂಡ ಚಡ್ಡಿಯಲ್ಲೇ ಮಾಡಿಕೊಂಡ. ಬಚ್ಚಲಿಗೆ ಕರೆದುಕೊಂಡು ಹೋಗಿ ತೊಳೆದೆ. ಬೇಡ ಬೇಡ ಎಂದು ಕುಣಿಯುತ್ತಿದ್ದ, ಹೊತ್ತು ಹಿಡಿಯಿತು. ಹೊರಗೆ ಬಂದರೆ ಅತ್ತೆಯ ಕುರ್ಚಿ ಖಾಲಿ. ಮರಿ ಮಲಗಿದ್ದ ಹಾಸಿಗೆ ಖಾಲಿ. ಬೀದಿ ಗೇಟು ಹಾರು ಹೊಡೆದಿದೆ.

ಕೂಗಿಕೊಂಡೆ. ಮುಂದುಗಡೆ ಅಂಗಡಿಯಿಂದ ಕ್ಷೌರದವರು ಕತ್ತಿ ಹಿಡಿದುಕೊಂಡೇ ಓಡಿಬಂದರು. ಹಿಂದೆ ಅರ್ಧ ಮುಖಕ್ಕೆ ಸೋಪು ನೊರೆ ಹಚ್ಚಿಕೊಂಡ ಗಿರಾಕಿ. ಇಬ್ಬರೂ ಮಕ್ಕಳ ಹತ್ತಿರ ಕೂತರು. ನಾನು ಬರಿಗಾಲಲ್ಲಿ ಓಡಿದೆ. ಬಸ್ ಸ್ಟಾಪಿನಲ್ಲಿ ಯಾರೂ ಇಲ್ಲ. ಔಷಧಿ ಅಂಗಡಿಯವನು ನೋಡಿಲ್ಲ ಅಂದ. ರಸ್ತೆಯಲ್ಲಿ ಒಂದೊಂದು ಗಾಡಿ ಹೋದಾಗಲೂ ತಿರುಗಿ ನೋಡುತ್ತಿದ್ದೆ.

ಫೋನು ಬಂತು. ಇವರದು.

“ಅಮ್ಮ ನನ್ನ ಹತ್ರ ಇದಾಳೆ. ಮರಿನೂ ಇದೆ. ಓಡ್ಬೇಡ, ಬೀಳ್ತೀಯ.”

ನಾನು ಓಡುತ್ತಿದ್ದೇನೆ ಅಂತ ಹೇಗೆ ಗೊತ್ತಾಯಿತೋ. ಧ್ವನಿ ಇವರದು ಅನಿಸಲಿಲ್ಲ. ಅಲ್ಲೇ ಫುಟ್‌ಪಾತಿನ ಮೇಲೆ ಕೂತು ಅತ್ತುಬಿಟ್ಟೆ.

ನಮ್ಮ ಸ್ಟಾಪಿನಲ್ಲಿ ನಿಲ್ಲುವುದು ಇವರ ಬಸ್ಸೇ, ದಿನಾ ಆ ರೂಟಿನಲ್ಲಿ ಓಡಿಸುವವರು ಇವರೇ. ನಿನ್ನೆ ಸಂಜೆ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತ ಇವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಸ್ಟಾಪಿನಲ್ಲಿ ಕೈ ಅಡ್ಡ ಹಾಕಿ ಅತ್ತೆ ಮುಂದಿನ ಬಾಗಿಲಲ್ಲಿ ಹತ್ತಿದರಂತೆ. ಹೆಗಲ ಮೇಲೆ ಮರಿ, ಗಾಢ ನಿದ್ದೆ. ನೇರ ಇವರ ಮುಖ ನೋಡಿ, “ಅಪ್ಪಾ, ಈ ಮಗೂನ ಅವರಮ್ಮಂಗೆ ಮುಟ್ಟಿಸ್ಬೇಕು. ಆಸ್ಪತ್ರೆ ಸ್ಟಾಪ್ ಬಂದ್ರೆ ಹೇಳ್ತೀಯಾ?” ಅಂದರಂತೆ.

“ಅಮ್ಮಾ, ನಾನಮ್ಮ” ಅಂದರಂತೆ ಇವರು.

“ಹೂಂನಪ್ಪ, ಒಳ್ಳೇದಾಗ್ಲಿ. ನನ್ನ ಮಗನೂ ನಿನ್ನ ಹಾಗೇ ಬಸ್ಸು ಓಡಿಸ್ತಾನೆ.”

ಹಾಗಂತ ಹೇಳಿ ಹಿಂದಿನ ಸೀಟಿನಲ್ಲಿ ಕೂತರಂತೆ. ಇವರು ಬಸ್ಸನ್ನು ಪಕ್ಕಕ್ಕೆ ಹಾಕಿ, ಇಂಜಿನ್ ಆರಿಸಿ, ನನಗೆ ಫೋನು ಮಾಡಿದ್ದು. ನಾನು ಹೋಗಿ ಇಬ್ಬರನ್ನೂ ಇಳಿಸಿಕೊಂಡು ಬರುವವರೆಗೂ ಬಸ್ಸಿನಲ್ಲಿ ಇದ್ದವರು ಒಬ್ಬರೂ ಗೊಣಗಲಿಲ್ಲವಂತೆ. ಇಷ್ಟು ಹೇಳಿ ಇವರು ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ಅತ್ತರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ಅತ್ತದ್ದು ನಾನು ನೋಡಿರಲಿಲ್ಲ. ಪಕ್ಕದಲ್ಲಿ ಕೂತೆ. ಜಗಳ ಎಲ್ಲಿಗೆ ಬಿಟ್ಟಿದ್ದೆವು ಅನ್ನುವುದು ಇಬ್ಬರಿಗೂ ಬೇಕಿರಲಿಲ್ಲ.

ನರ್ಸಮ್ಮ ಬಂದಾಗ ನಾನು ಹೇಳಲು ಹೊರಟೆ. “ನಾನು ಹೇಳ್ತೀನಿ, ನಮ್ಮಮ್ಮ ಅದು” ಎಂದು ಇವರೇ ಎಲ್ಲವನ್ನೂ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಆಕೆ ಮರಿಯ ಬಟ್ಟೆ ಬಿಚ್ಚಿ ನೆತ್ತಿಯಿಂದ ಪಾದದವರೆಗೆ ಮುಟ್ಟಿ ನೋಡಿದಳು. ಮತ್ತೆ ಬಟ್ಟೆ ಹಾಕಿದಳು. “ಯೋಚನೆ ಮಾಡ್ತೀನಿ ಅಕ್ಕ” ಅಂದಳು. ಮುಖ ಬಿಳಿಚಿತ್ತು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಇವತ್ತು ಮರಿ ಬಂದಿಲ್ಲ. ಅತ್ತೆ ಬೆಳಗಿನಿಂದ ಹಾಸಿಗೆ ಕೊಡವಿ ಕೊಡವಿ ನೋಡುತ್ತಿದ್ದಾರೆ. “ಚಿಕ್ಕದು ಎಲ್ಲಿ? ಯಾರು ಎತ್ಕೊಂಡು ಹೋದ್ರು?”

ಮಾರ್ಚ್ 27, ಬುಧವಾರ

ಮರಿ ಬಂದಿಲ್ಲ. ಒಂದು ವಾರ.

ಮೇಡಂ ಮನೆ ನೋಡಲು ಬಂದರು. ಇವರು ಅರ್ಧ ದಿನ ರಜ ಹಾಕಿ ಯೂನಿಫಾರ್ಮಿನಲ್ಲೇ ಕೂತಿದ್ದರು. ಮೇಡಂ ಗ್ಯಾಸ್ ನೋಡಿದರು, ಬಚ್ಚಲು ನೋಡಿದರು. ಮೆಟ್ಟಿಲಿನ ಗೇಟು ತೆರೆಯಲು ಬರದೆ ನಿಂತರು. ಚಿಟ್ಟೆ ಹೋಗಿ ತೆರೆದುಕೊಟ್ಟಳು. ಎಲ್ಲ ಚೆನ್ನಾಗಿದೆ ಅಂದರು. ಕೂತು ಪೆನ್ನು ತೆಗೆದರು.

“ಸಹಾಯಕ್ಕೆ ನಿಮ್ಮತ್ತೆ ಇದಾರೆ ಅಂದಿದ್ರಿ.”

ಇವರು ಎದ್ದು ನಿಂತರು. “ಅವತ್ತು ನಾನು ಹೇಳಿದ್ದು ಸುಳ್ಳು ಮೇಡಂ. ನಮ್ಮಮ್ಮಂಗೆ ಮರೆವಿನ ಕಾಯಿಲೆ ಇದೆ. ಅವಳನ್ನೇ ಒಬ್ರು ನೋಡ್ಕೋಬೇಕು.”

ಕಾಯಿಲೆ. ಆ ಮಾತು ಇವರ ಬಾಯಲ್ಲಿ ಇದೇ ಮೊದಲು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಬಸ್ಸಿನ ವಿಷಯವನ್ನೂ ಹೇಳಿದರು. ಮುಗೀತು, ಲೈಸೆನ್ಸ್ ನೀರಲ್ಲಿ ಹೋಯಿತು ಅಂದುಕೊಂಡೆ. ಆದರೂ ಏನೋ ಹಗುರ. ಸುಳ್ಳು ಹೊತ್ತುಕೊಂಡು ಮಕ್ಕಳಿಗೆ ಊಟ ಮಾಡಿಸುವುದು ಸಾಕಾಗಿತ್ತು.

ಮೇಡಂ ಪೆನ್ನು ಕೆಳಗಿಟ್ಟರು. “ಮತ್ತೆ ಅವರನ್ನ ಯಾರು ನೋಡ್ಕೋತಾರೆ?”

“ಇವಳು” ಅಂದರು ಇವರು.

“ನಾನು” ಅಂದೆ ನಾನು. ಇಬ್ಬರೂ ಒಟ್ಟಿಗೆ.

“ಆಂಟಿ!” ಅಂದಳು ಚಿಟ್ಟೆ, ಯಾರೂ ಕೇಳದೇ ಇದ್ದರೂ.

ಮೇಡಂ ನನ್ನ ಕಡೆ ತಿರುಗಿದರು. “ನೀವು ಅವರಿಗೆ ಏನಾಗ್ಬೇಕು?”

“ಸೊಸೆ.”

ಇವರ ಕಡೆ ತಿರುಗಿದರು. “ನೀವು?”

“ಮಗ.”

“ಹೂಂ” ಅಂದರು. ಅಷ್ಟೇ. ಆಮೇಲೆ ಹೇಳಿದರು. ನಾನೇ ಅತ್ತೆಯನ್ನೂ ನೋಡಿಕೊಂಡರೆ ನಾಲ್ಕೇ ಮಕ್ಕಳು. ಹಗಲು ಹೊತ್ತಿನಲ್ಲಿ ಅತ್ತೆಯ ಜವಾಬ್ದಾರಿ ಇನ್ನೊಬ್ಬರದಾದರೆ, ಅವರು ಮನೆಯಲ್ಲೇ ಜೊತೆಗಿದ್ದರೆ, ಅತ್ತೆಯನ್ನು ನನ್ನ ಐದರಲ್ಲಿ ಎಣಿಸುವುದಿಲ್ಲ. “ಯಾರು ಅಂತ ನೀವೇ ಮಾತಾಡ್ಕೊಂಡು ಫೋನ್ ಮಾಡಿ.”

ಹೋದರು. ನಾನು ಅಲ್ಲೇ ಕೂತಿದ್ದೆ. ನಿಜ ಹೇಳಬೇಕೆಂದರೆ, ಇದು ನನಗೂ ಹೊಳೆದಿರಲಿಲ್ಲ. ಅತ್ತೆಗೆ ಸ್ವಂತ ಮಗ ಇದ್ದಾನೆ, ಗಟ್ಟಿಮುಟ್ಟಾಗಿದ್ದಾನೆ, ಇದೇ ಮನೆಯಲ್ಲೇ ಇದ್ದಾನೆ. ಆದರೂ ಯಾರು ನೋಡಿಕೊಳ್ಳುತ್ತಾರೆ ಅಂದರೆ ಬಾಯಿಗೆ ಬರುವುದು ಸೊಸೆ. ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು, ಚೆನ್ನಾಗೇ ಬಂತು. ಪಾತ್ರೆಗಳಿಗೆ ಗೊತ್ತು.

ಮಾರ್ಚ್ 28, ಗುರುವಾರ

ಇವರು ಆಗಲೇ ಹೊಳೆಯುತ್ತಿರುವ ಶೂಗೆ ಪಾಲಿಶ್ ಹಾಕುತ್ತ ಕೂತಿದ್ದಾರೆ. ಬೆಳಗಿನ ಪಾಳಿ ಅಂದರೆ ಇವರಿಗೆ ಪ್ರಾಣ. ಖಾಲಿ ರಸ್ತೆ, ತಣ್ಣನೆ ಗಾಳಿ, ಮೊದಲ ಟ್ರಿಪ್ಪಿನ ಅದೇ ನಾಲ್ಕು ಮುಖಗಳು. ಎಷ್ಟು ವರ್ಷ ಕಾದು ಸೀನಿಯಾರಿಟಿಯಲ್ಲಿ ಪಡೆದದ್ದು. ಅದನ್ನು ಬಿಟ್ಟು ಹಗಲು ಮನೆಯಲ್ಲಿರಿ ಅಂತ ನಾನು ಹೇಳುವುದಿಲ್ಲ. ಬಾಯಿ ಬಿಟ್ಟು ಕೇಳಿದರೆ ಅದು ನನಗೆ ಮಾಡಿದ ಉಪಕಾರವಾಗುತ್ತೆ. ನನಗೆ ಉಪಕಾರ ಬೇಡ.

ಸಂಜೆ ತಾವಾಗೇ ಕೇಳಿದರು. “ಸ್ನಾನ ಗೀನ… ಅದೆಲ್ಲ ನಂಗೆ ಹೇಗೆ ಆಗುತ್ತೆ?”

“ಸ್ನಾನ ನಾನು ಮಾಡಿಸ್ತೀನಿ, ಮಕ್ಕಳು ಬರೋಕೆ ಮುಂಚೆ. ನೀವು ಜೊತೇಲಿರಿ. ಎದ್ರೆ ಏಳಿ, ಕೂತ್ರೆ ಕೂತ್ಕೊಳ್ಳಿ.”

“ನನ್ನ ಗುರುತೇ ಸಿಗದಿದ್ರೆ?”

ಅವರ ಕೈಯಿಂದ ಬ್ರಷ್ ತೆಗೆದುಕೊಂಡು ಇನ್ನೊಂದು ಶೂಗೆ ನಾನು ಪಾಲಿಶ್ ಹಾಕಿದೆ.

ಏಪ್ರಿಲ್ 1, ಸೋಮವಾರ

ಪಾಳಿ ಬದಲಾಯಿಸಿಕೊಂಡು ಬಂದರು! ಮುಂದಿನ ಸೋಮವಾರದಿಂದ ಸಂಜೆಯ ಪಾಳಿ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಇವರು ಹೊರಡುವುದು. ಡಿಪೋದಲ್ಲಿ ಏನಯ್ಯಾ ಈ ವಯಸ್ಸಲ್ಲಿ ಬೇಬಿ ಸಿಟ್ಟಿಂಗಾ ಎಂದು ಕಾಲೆಳೆದರಂತೆ. “ಹೂಂ, ನಮ್ಮ ಬೇಬಿಗೆ ಎಪ್ಪತ್ತೆಂಟು ಅಂದೆ” ಅಂದರು. ಮೇಡಂಗೆ ಫೋನು ಮಾಡಿದ್ದೂ ಇವರೇ. “ನಮ್ಮಮ್ಮನ್ನ ನಾನು ನೋಡ್ಕೋತೀನಿ ಮೇಡಂ, ಬರ್ಕೊಳ್ಳಿ.” ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಕಣ್ಣು ತುಂಬಿತು. ಈರುಳ್ಳಿ ಮೇಲೆ ಹಾಕೋಣವೆಂದರೆ ಈರುಳ್ಳಿ ಹೆಚ್ಚುತ್ತಿರಲಿಲ್ಲ.

ನರ್ಸಮ್ಮನಿಗೆ ನಾನು ಫೋನು ಮಾಡಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ.

ಏಪ್ರಿಲ್ 4, ಗುರುವಾರ

ನರ್ಸಮ್ಮ ಬಂದಿದ್ದಳು. ಮಗು ಇಲ್ಲದೆ. ಡ್ಯೂಟಿ ಮುಗಿಸಿ ಹಾಗೇ, ಕಣ್ಣ ಕೆಳಗೆ ಕಪ್ಪು. ಪಕ್ಕದ ಮನೆಯವರ ಹತ್ತಿರ ಬಿಡುತ್ತಿದ್ದಾಳಂತೆ. ಅವರಿಗೂ ಕಷ್ಟ. ಮರಿ ಮಧ್ಯಾಹ್ನ ನಿದ್ದೆಯನ್ನೇ ಮಾಡುತ್ತಿಲ್ಲವಂತೆ.

“ನಂಗೆ ತುಂಬ ಕೋಪ ಬಂತು ಅಕ್ಕ.”

“ಬರದೆ ಇರುತ್ತೇನಮ್ಮ.”

“ಇನ್ನೂ ಇದೆ ಸ್ವಲ್ಪ.”

“ಇರ್ಲಿ ಬಿಡು. ನಿಧಾನಕ್ಕೆ ಹೋಗ್ಲಿ.”

ಆಕೆಗೆ ನಗು ಬಂತು, ಅಳುವೂ ಬಂತು. ಟೀ ಕೊಟ್ಟೆ. ಪಾಳಿ ಬದಲಾದದ್ದು ಹೇಳಿದೆ. ಗೇಟಿಗೆ ಮೇಲುಗಡೆ ಕ್ಷೌರದವರು ಚಿಲಕ ಹಾಕಿದ್ದನ್ನು ತೋರಿಸಿದೆ. ಎರಡು ಸಲ ಎಳೆದು ನೋಡಿದಳು. ಅತ್ತೆ ರೂಮಿನಿಂದ ಬಂದವರು ಆಕೆಯನ್ನು ಕಂಡು, “ಊಟ ಮಾಡಿದ್ಯೇನಮ್ಮ? ಸೊರಗಿದೀಯ” ಅಂದರು. ನರ್ಸಮ್ಮ ಅವರ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಹೋಗುವಾಗ ಗೇಟಿನಲ್ಲಿ ನಿಂತು, “ಅಜ್ಜಿ ಕೂತಿದ್ರೆ ಮಾತ್ರ ಮಗು ಕೊಡಿ. ಎದ್ದು ಓಡಾಡುವಾಗ ಬೇಡ” ಅಂದಳು.

ಅಂದರೆ ಕರೆದುಕೊಂಡು ಬರುತ್ತಾಳೆ! ತಲೆ ಆಡಿಸಿದೆ.

ಏಪ್ರಿಲ್ 8, ಸೋಮವಾರ. ಮಧ್ಯಾಹ್ನ

ಬೆಳಿಗ್ಗೆ ಏಳಕ್ಕೇ ಮರಿ ಬಂತು. ಎರಡು ಹೊಸ ಹಲ್ಲು. ಅತ್ತೆ ಕೈ ಚಾಚಿದರು. ನರ್ಸಮ್ಮ ಅವರನ್ನು ಮೊದಲು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಮಡಿಲಿಗೆ ಮಗು ಇಟ್ಟಳು. ಡ್ಯೂಟಿಗೆ ತಡವಾಗುತ್ತಿದ್ದರೂ ಸ್ವಲ್ಪ ಹೊತ್ತು ಪಕ್ಕದಲ್ಲೇ ಮಂಡಿಯೂರಿ ಕೂತಿದ್ದಳು.

ಹತ್ತು ಗಂಟೆಗೆ ಲೈಸೆನ್ಸ್ ಬಂತು. ಐದು ಮಕ್ಕಳು. ಇವರು ಅದಕ್ಕೆ ಪ್ಲಾಸ್ಟಿಕ್ ಹಾಕಿಸಬೇಕು ಅನ್ನುತ್ತಿದ್ದಾರೆ. ಯಾಕಣ್ಣ, ಯಾಕೆ ಅಂದ. ಗುಂಡ ಮುಟ್ಟುತ್ತಾನೆ ಅಂದೆ. ಗುಂಡ ಯಾಕೆ ಮುಟ್ಟುತ್ತಾನೆ ಅಂದ. ಅಷ್ಟರಲ್ಲಿ ಗುಂಡ ಮುಟ್ಟಿಯಾಗಿತ್ತು.

ಇವರಿಗೆ ಮನೆಯಲ್ಲಿ ಮೊದಲ ಹಗಲು. ಏನು ಮಾಡಬೇಕೆಂದು ತಿಳಿಯದೆ ಅಮ್ಮನ ಹಿಂದೆ ಹಿಂದೆ ತಿರುಗಿದರು. ಎದ್ದರೆ ಎದ್ದರು, ಕೂತರೆ ಕೂತರು. ನಾನು ಹೇಳಿದ್ದು ಅಕ್ಷರಶಃ. ಊಟ ಆಯಿತು. ಮಕ್ಕಳು ಒಬ್ಬೊಬ್ಬರೇ ಮಲಗಿದರು, ಮರಿಯೂ. ಇವರು ಅತ್ತೆಯ ಕುರ್ಚಿ ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಅತ್ತೆ ಬಹಳ ಹೊತ್ತು ಇವರನ್ನೇ ನೋಡಿದರು. ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಕೇಳಿದರು.

“ಏನೇ, ಈ ದೊಡ್ಡ ಹುಡುಗನ್ನ ಯಾರು ಬಿಟ್ಟು ಹೋದ್ರು?”

ಅವರ ಗುಟ್ಟು ಬೀದಿಗೆ ಕೇಳಿಸುತ್ತೆ. ಇವರಿಗೂ ಕೇಳಿಸಿತು. ಅತ್ತೆ ಬಗ್ಗಿ ಇವರನ್ನೇ ಕೇಳಿದರು. “ನಿನ್ನ ಕರ್ಕೊಂಡು ಹೋಗೋಕೆ ಯಾರು ಬರ್ತಾರಪ್ಪ?”

ಇವರು ತಲೆ ಎತ್ತಿ ನೋಡಿದರು. ಮುಖ ಕಿವುಚಿಕೊಂಡು ಬಂತು, ಸರಿ ಮಾ­ಡಿಕೊಂಡರು.

“ನಮ್ಮಮ್ಮ” ಅಂದರು.

“ಬರ್ತಾಳೆ ಬಿಡು. ತಾಯಿ ಅಂದ್ಮೇಲೆ ಬರ್ದೆ ಇರ್ತಾಳಾ. ಬರೋವರೆಗೂ ನಾನಿರ್ತೀನಿ, ಅಳ್ಬೇಡ.”

ಅಳುತ್ತಿರಲಿಲ್ಲ ಇವರು. ಆಮೇಲೆ ಅತ್ತರು. ಅತ್ತೆಯ ಮಂಡಿಗೆ ತಲೆ ಒರಗಿಸಿಕೊಂಡು ಹಾಗೇ ನಿದ್ದೆ ಹೋಗಿದ್ದಾರೆ, ಬಾಯಿ ತೆರೆದುಕೊಂಡು. ಅತ್ತೆ ಅಲ್ಲಾಡದೆ ಕೂತಿದ್ದಾರೆ. ಕಾಲು ಜೋಮು ಹಿಡಿದಿರಬೇಕು. ಇವರನ್ನು ಎಬ್ಬಿಸಬೇಕು, ಯೂನಿಫಾರ್ಮ್ ಇನ್ನೂ ಇಸ್ತ್ರಿ ಆಗಿಲ್ಲ, ಮೊದಲನೇ ದಿನವೇ ಪಾಳಿಗೆ ತಡವಾದರೆ… ಎಬ್ಬಿಸಲು ಹೋದೆ. ಅತ್ತೆ ತುಟಿಗೆ ಬೆರಳಿಟ್ಟು, ಕಣ್ಣಲ್ಲೇ ನನ್ನನ್ನು ಗದರಿಸಿದರು.